ಮಂಜಗುಣಿಯ ಮುಟ್ಟಾಟ, ಕಾರವಾರದ ವೈರಸ್

2006ರಲ್ಲಿ ನಾನು ಶಿರವಾಡದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಸೈಬರ್ ಸೆಕ್ಯುರಿಟಿ ಎಂಬ ಮಾತು ಆಗ ನಮ್ಮ ಕಡೆ ಕಿವಿಗೇ ಬಿದ್ದಿರಲಿಲ್ಲ. ವೈರಸ್ ಬಂದರೆ ನನ್ನನ್ನು ಕರೆಯುತ್ತಿದ್ದರು, ಅಷ್ಟೇ.

ಕಾರವಾರದ ಮೀನುಗಾರರ ಸಂಘವೊಂದರ ಎಂಟು ಕಂಪ್ಯೂಟರುಗಳಲ್ಲಿ ಫೋಲ್ಡರುಗಳು ಮಾಯವಾಗುತ್ತಿದ್ದವು. ಎಲ್ಲವನ್ನೂ ಫಾರ್ಮ್ಯಾಟ್ ಮಾಡಿದೆ, ಅಂದರೆ ಪೂರ್ತಿ ಅಳಿಸಿ ಹೊಸದಾಗಿ ತುಂಬಿದೆ. ಮರುದಿನ ಮತ್ತೆ ಅದೇ ಕಥೆ. ಇಂಟರ್ನೆಟ್ ಇಲ್ಲ, ಒಂದು ಮಶೀನಿನಿಂದ ಇನ್ನೊಂದಕ್ಕೆ ವೈರೂ ಇಲ್ಲ. ವೈರಸ್ ಒಳಬರಲು ಉಳಿದ ದಾರಿ ಪೆನ್‌ಡ್ರೈವ್ ಒಂದೇ; ಅದನ್ನೂ ತರಬಾರದೆಂದು ಮ್ಯಾನೇಜರ್ ದಾಮೋದರ ಸರ್ ಗೋಡೆಗೆ ನೋಟಿಸ್ ಬೇರೆ ಅಂಟಿಸಿದ್ದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಮೂರನೆಯ ಸಲ ಹೋದಾಗ ಗುಮಾನಿ ಆಪರೇಟರ್ ಮಂಜುಳಾಳ ಮೇಲೆ ಬಿದ್ದಿತ್ತು. ಹಂಗಾಮಿ ಕೆಲಸ; ಅಪ್ಪ ಬೋಟಿಗೆ ಹೋಗುವುದನ್ನು ಬಿಟ್ಟ ಮೇಲೆ ಮನೆ ನಡೆಯುತ್ತಿದ್ದದ್ದೇ ಅವಳ ಸಂಬಳದಿಂದ.

"ಹಾಡು ಗೀಡು ತುಂಬ್ಕಂಡು ಬರೂದು ಇವ್ಳೇಯ. ಸೋಮವಾರದಿಂದ ಬರೂದು ಬ್ಯಾಡ ಅಂದೆ," ಎಂದರು ದಾಮೋದರ ಸರ್.

"ನನ್ಹತ್ರ ಪೆನ್‌ಡ್ರೈವೇ ಇಲ್ಲಾ ಸರ್," ಎಂದು ಅವಳು ನನ್ನ ಮುಖ ನೋಡಿದಳು. ಪೆನ್‌ಡ್ರೈವ್ ನೀವು ಹಾಕಿದಿರಾ ಎಂದು ನಾನೂ ಅವಳಿಂದ ಹಿಡಿದು ಎಲ್ಲರನ್ನೂ ಕೇಳಿದೆ. ಯಾರನ್ನು ಕೇಳಿದರೂ ನಾನಲ್ಲ, ನಾನಲ್ಲ. ಯಾರೂ ಸುಳ್ಳು ಹೇಳುವಂತೆಯೂ ಕಾಣಲಿಲ್ಲ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು.

ಆಗ ನೆನಪಾದದ್ದು ಚಿಕ್ಕಂದಿನಲ್ಲಿ ಮಂಜಗುಣಿಯ ಮರಳಿನಲ್ಲಿ ನಾವು ಆಡುತ್ತಿದ್ದ ಮುಟ್ಟಾಟ. ಒಮ್ಮೆ ಮುಟ್ಟುವ ಸರದಿಯ ಕಳ್ಳ ಯಾರೆಂಬುದೇ ತಿಳಿಯದೆ ಆಟ ನಿಂತುಹೋಗಿತ್ತು. ಎಲ್ಲರೂ ಆಣೆ ಹಾಕುವವರೇ. ಕೊನೆಗೆ ನೋಡಿದರೆ ಮುಟ್ಟಿಸಿಕೊಂಡವಳು ನನ್ನ ಪುಟ್ಟ ತಂಗಿ. ಚಿಕ್ಕವಳೆಂದು ನಾವು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳು ಎಲ್ಲರನ್ನೂ ಮುಟ್ಟುತ್ತ ಓಡಾಡುತ್ತಿದ್ದಳು. ಈ ಆಫೀಸಿನಲ್ಲೂ ಲೆಕ್ಕಕ್ಕೆ ಹಿಡಿಯದ ಕೈಯೊಂದು ಇರಬೇಕು ಅನ್ನಿಸಿತು.

ಅಂದು ಫಾರ್ಮ್ಯಾಟ್ ಮುಗಿಸಿದವನು ಹೊರಡಲಿಲ್ಲ, ಮೂಲೆಯಲ್ಲಿ ಕೂತೆ. ದಾಮೋದರ ಸರ್ ಕೈಕಾಲು ತೊಳೆದು ಬಂದರು. ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಮೊದಲ ಮಶೀನಿಗೆ ಚುಚ್ಚಿ, ಅದರಲ್ಲಿದ್ದ ವೆಂಕಟರಮಣನ ಫೋಟೋ ಪರದೆಯ ಮೇಲೆ ಹಾಕಿ ಕೈಮುಗಿದರು. ನಂತರ ಎರಡನೆಯದಕ್ಕೆ ಹೋದರು.

"ಸರ್, ಅದೆಂತ ಮಾಡ್ತಿದ್ರಿ?"

"ಹೊಸ್ತಾಗಿ ಶುರು ಮಾಡೂಕೆ ಮುಂಚೆ ದೇವ್ರನ್ನ ಇಡೂದು ಬ್ಯಾಡ್ವಾ ಮಾರಾಯಾ?"

"ಕೈಯಲ್ಲಿರೂದು ಎಂತದು ಸರ್?"

ಅವರು ಕೈ ನೋಡಿಕೊಂಡರು. ಮುಖ ಬಿಳಿಚಿತು. ದೇವರ ಕೆಲಸವನ್ನು ಅವರು ಪೆನ್‌ಡ್ರೈವ್ ಹಾಕಿದ್ದೆಂದು ಎಣಿಸಿಯೇ ಇರಲಿಲ್ಲ. ಚುಚ್ಚಿದೊಡನೆ ತಾನಾಗಿ ಹರಡುವ ವೈರಸ್ ಅದರಲ್ಲೇ ಕೂತಿತ್ತು.

"ಸೋಮವಾರ ಬಾ ತಂಗಿ," ಎಂದು ಅವರೇ ಮಂಜುಳಾಳಿಗೆ ಹೇಳಿದರು.

"ಬರ್ತೆ ಸರ್. ನೀವು ದೇವ್ರನ್ನ ಹಾಕೂದು ನಾ ಪ್ರತಿಸಲ ನೋಡಿದ್ದೆ," ಎಂದಳು. "ಮಶೀನಿಗೆ ಯಾರ್ಯಾರು ಕೈ ಹಾಕಿದ್ರು ಅಂತ ಕೇಳಿದ್ರೆ ಹೇಳ್ತಿದ್ದೆ. ನೀವಿಬ್ರೂ ನೀ ಹಾಕಿದ್ಯಾ ಅಂತ ಮಾತ್ರ ಕೇಳಿದ್ರಿ."

ಮುಂದೆ ಸೈಬರ್ ಸೆಕ್ಯುರಿಟಿಯೇ ನನ್ನ ಕಸುಬಾಯಿತು. ಈಗಲೂ ಎಲ್ಲಿಗೆ ಹೋದರೂ, ಆರೋಪ ಹೊತ್ತವರನ್ನೇ ಮೊದಲು ಕೂರಿಸಿಕೊಂಡು ಕೇಳುತ್ತೇನೆ: ನೀವು ಕಂಡದ್ದೇನು?