ಕಳಲಾವಿ ಎಂಬ ಆರೋಪ

ಮೇ ತಿಂಗಳಲ್ಲಿ ಹೂದೋಟ ನೋಡಲು ಬರುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಮ್ಮ ಕಡಲಂಚಿನ ಊರು ಬೀಜಾಡಿಯಲ್ಲಿ ಆಗ ಮರಳು ಕಾದು ಕಾಲಿಡಲಾಗದಷ್ಟು ಸುಡುತ್ತಿರುತ್ತದೆ. ಕಡಲಿನ ಉಪ್ಪುಗಾಳಿಗೆ ಎಲೆಗಳ ಅಂಚು ಕರಕಲಾಗಿರುತ್ತದೆ. ಬುದ್ಧಿ ಇರುವ ಗಿಡಗಳೆಲ್ಲ ಮೇಲಿನ ವ್ಯವಹಾರ ಮುಗಿಸಿ ನೆಲದಡಿಗೆ ಇಳಿದು ಮಲಗಿರುತ್ತವೆ. ಆಗ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇಲ್ಲೆಂತ ಇತ್ತ್ ಮಾರಾಯ್ತಿ, ಬರೀ ಹೊಯ್ಗೆ" ಅಂದರೆ ಏನು ಹೇಳುವುದು? ಮಲಗಿದ್ದನ್ನು ಸತ್ತಿದೆ ಎಂದು ತೀರ್ಮಾನಿಸುವವರ ಜೊತೆ ಯಾವ ವಾದ?

ಮೊದಮೊದಲು ನಾನೂ ಎಲ್ಲರಂತೆ ಬ್ರಹ್ಮಾವರದ ನರ್ಸರಿಯಿಂದ ಗುಲಾಬಿ ತಂದವಳೇ. ಚಳಿಗಾಲದಲ್ಲಿ ಒಂದಿಷ್ಟು ನಗುತ್ತಿದ್ದವು. ಶಿವರಾತ್ರಿ ಕಳೆದದ್ದೇ ತಡ, ಒಂದೊಂದಾಗಿ ಕಡ್ಡಿಯಾಗುತ್ತಿದ್ದವು. ಮತ್ತೆ ಹೋಗುವುದು, ಮತ್ತೆ ತರುವುದು, ಮತ್ತೆ ಕಡ್ಡಿ. ಈ ಊರಿನ ಬಿಸಿಲು ಈ ಊರಿನ ಗಿಡಗಳಿಗೆ ಹೊಸತಲ್ಲ, ಅವನ್ನೇ ಏಕೆ ನೆಡಬಾರದು ಎಂಬ ಸಣ್ಣ ಪ್ರಶ್ನೆ ನನ್ನ ತಲೆಗೆ ಬಂದದ್ದು ಪಿಯುಸಿಯಲ್ಲಿ. ಕಾಲೇಜಿನ ಚರ್ಚಾ ತಂಡ ಸೇರಿ, ಎಲ್ಲರ ಮಾತಿಗೂ "ಆಧಾರ ಏನು?" ಎಂದು ಕೇಳಲು ಕಲಿತಿದ್ದ ಕಾಲ ಅದು. ಅಂಗಳದ ಬಡಗು ಅಂಚಿನಲ್ಲಿ, ಕೆಂಪುಕಲ್ಲಿನ ಪಾಗಾರದ ಗೋಡೆಯ ಬುಡಕ್ಕೆ, ಉದ್ದಕ್ಕೊಂದು ಪಾತಿ ಮಾಡಿದೆ. ಹಾಡಿಯ ಕುರುಚಲು ಕಾಡಿನಿಂದ ಕೆಂಪು ಹೂವಿನ ಕಿಸ್ಕಾರ ತಂದೆ, ಬಸ್ರೂರಿನ ಗದ್ದೆಯ ಬದುವಿನಿಂದ ಗೋರಟೆ ತಂದೆ, ಬೇಲಿಯಿಂದ ಶಂಖಪುಷ್ಪದ ಬೀಜ ತಂದೆ. ಉಪ್ಪುಂದದಲ್ಲಿ ನೆಂಟರ ಮದುವೆಗೆ ಹೋದವಳು, ಊಟಕ್ಕೆ ಕೂರುವುದು ಬಿಟ್ಟು ಹಾಡಿಯ ಅಂಚು ಕೆದಕಿ ಗೌರಿ ಹೂವಿನ ಗಡ್ಡೆಗಳನ್ನು ತಂದೆ.

ಗೌರಿ ಹೂವನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಬಳ್ಳಿ ಏಳುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಸೋಣೆ ತಿಂಗಳಿಗೆ, ಚೌತಿಯ ಹೊತ್ತಿಗೆ ಸರಿಯಾಗಿ ಹೂ ಬಿಡುತ್ತದೆ. ದಳಗಳೆಲ್ಲ ಹಿಂದಕ್ಕೆ ಮಡಚಿಕೊಂಡು, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಮಳೆ ಹಿಂದೆ ಸರಿದ ಮೇಲೆ ಬಳ್ಳಿ ಒಣಗಿ ಹೋಗುತ್ತದೆ, ಗಡ್ಡೆ ಮಾತ್ರ ಒಳಗೆ ಉಳಿಯುತ್ತದೆ. ಬೇಸಗೆಯಲ್ಲಿ ಅದಕ್ಕೆ ನೀರು ಕೊಡಬಾರದು, ಕೊಳೆಯುತ್ತದೆ. ಇದನ್ನು ಅಮ್ಮನಿಗೆ ಒಪ್ಪಿಸಲು ನನಗೆ ಯಾವ ಚರ್ಚಾ ಸ್ಪರ್ಧೆಗಿಂತಲೂ ಹೆಚ್ಚು ಕಷ್ಟವಾಯಿತು. ಗಡ್ಡೆಗೂ ಬಾಯಾರಿಕೆಯಾಗುತ್ತದೆ ಎಂದು ಖಾಲಿ ನೆಲದ ಮುಂದೆ ಚೊಂಬು ಹಿಡಿದು ನಿಲ್ಲುತ್ತಿದ್ದಳು. "ಪಾಪ, ಅದ್ಕೂ ಆಸ್ರಾತ್ತಲ್ದಾ?"

ಆದರೆ ಸೋಣೆ ಬಂದಾಗ ಬೆಳಿಗ್ಗೆ ಹೊಸ್ತಿಲು ಪೂಜೆಯ ಹೂವಿಗೆ ಅವಳು ಮೊದಲು ಓಡುತ್ತಿದ್ದದ್ದು ಅದೇ ಪಾತಿಗೆ.

ಹೀಗಿರುವಾಗ ಒಂದು ವರ್ಷ ಚೌತಿಗೆ ಮುಂಬೈಯಿಂದ ಚಿಕ್ಕಮ್ಮ ಬಂದಿದ್ದಳು. ಅಮ್ಮನಿಗೆ ಒಬ್ಬಳೇ ತಂಗಿ. ನಾವಿರುವುದು ಅವರಿಬ್ಬರ ತಾಯಿಮನೆ; ಅಮ್ಮ ಇಲ್ಲಿ ಉಳಿದವಳು, ಚಿಕ್ಕಮ್ಮ ಅಲ್ಲಿ ಗಂಡನ ಜೊತೆ ಕ್ಯಾಂಟೀನು ನಡೆಸುವವಳು. ಬಂದವಳೇ ಪಾತಿಯ ಮುಂದೆ ನಿಂತಳು.

"ಅಕ್ಕಾ, ಇದ್ ಕಳಲಾವಿ ಅಲ್ದಾ? ನಮ್ ಬದಿಮನಿ ಮರಾಠಿಯವ್ರ್ ಇದನ್ನ್ ಮನಿ ಹತ್ರ ಬಪ್ಪುಕ್ ಬಿಡುದಿಲ್ಲೆ. ಕಳ ಅಂದ್ರೆ ಜಗಳ. ಜಗಳ ಹಚ್ಚು ಗಿಡ ಇದ್."

"ಚಿಕ್ಕಮ್ಮ, ಇವತ್ತ್ ಬೆಳಿಗ್ಗೆ ಗಣಪತಿಗೆ ಹಾಕದ್ದ್ ಇದೇ ಹೂಗ್" ಅಂದೆ ನಾನು. "ದೇವ್ರ ತಲಿ ಮೇಲ್ ಕೂಕಂಡ್ರೆ ಜಗಳ ಹಚ್ಚುದಿಲ್ಲ್ಯಾ?"

"ದೇವ್ರ್ ಬೇರೆ, ಮನಿ ಬೇರೆ."

"ದೇವ್ರ್ ಕೂಕಂಡದ್ದ್ ಎಲ್ಲಿ? ಮನಿಯೊಳಗೇ ಅಲ್ದಾ?"

ಚಿಕ್ಕಮ್ಮ ನನ್ನತ್ತ ನೋಡಲೂ ಇಲ್ಲ. "ಅಕ್ಕಾ, ಈ ಹೆಣ್ಣಿಗ್ ಗಂಡ್ ಹುಡ್ಕಿ ಮದಿ ಮಾಡುದ್ ಕಷ್ಟ ಇತ್ತ್ ಕಾಣ್" ಅಂದಳು. ಅಮ್ಮ ನಕ್ಕಳು. ಇಬ್ಬರೂ ಒಳಗೆ ಹೋದರು. ನನ್ನ ಪ್ರಶ್ನೆ ಅಂಗಳದಲ್ಲೇ ಉಳಿಯಿತು.

ಅದೇ ಸಂಜೆ ಅಕ್ಕತಂಗಿಯರಿಗೆ ಜಗಳವಾಯಿತು. ಕಾರಣ ಗಿಡವಲ್ಲ, ಅಂಗಳ. ಒಳಗೆಲ್ಲ ಹೊಯ್ಗೆ ಬರುತ್ತದೆ, ಕಾರು ಹೂತುಹೋಗುತ್ತದೆ, ಇಡೀ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿಬಿಡುವ ಎಂದಳು ಚಿಕ್ಕಮ್ಮ. ಅಮ್ಮನಿಗೆ ಮಣ್ಣಿನ ಅಂಗಳವೇ ಬೇಕು. "ಇಲ್ಲಿಪ್ಪುದ್ ನಾನಾ, ನೀನಾ?" ಎಂದು ಅಮ್ಮ ಕೇಳಿಬಿಟ್ಟಳು. ಚಿಕ್ಕಮ್ಮನ ಮುಖ ಸಣ್ಣದಾಯಿತು. ಮರುದಿನ ಬಸ್ಸಿಗೆ ಹೊರಟಾಗ ಹೊಸ್ತಿಲು ದಾಟಿ "ಹೋತೆ" ಅಂದಳು. ನಮ್ಮಲ್ಲಿ ಎಷ್ಟೇ ದೂರ ಹೊರಟವರೂ "ಬತ್ತೆ" ಅನ್ನುತ್ತಾರೆ. ಹೋಗುವುದನ್ನು ಬಾಯಿಬಿಟ್ಟು ಹೇಳಿದವರು ಮತ್ತೆ ಬರುವುದಿಲ್ಲ ಎಂದು ಅರ್ಥ. 

ದೀಪಾವಳಿವರೆಗೂ ಫೋನಿಲ್ಲ. ಆಮೇಲೆ ಒಂದು ದಿನ ಫೋನು ಬಂತು. ಅಮ್ಮ ಕೇಳಿಸಿಕೊಂಡಳು, ನಕ್ಕಳು, ಕಣ್ಣೊರೆಸಿಕೊಂಡಳು. ಇಟ್ಟ ಮೇಲೆ ನನ್ನತ್ತ ತಿರುಗಿ ಹೇಳಿದಳು, "ಅವಳ್ ಹೇಳುದ್ ಸಮ ಇತ್ತ್. ನಮ್ ಮಧ್ಯ ಜಗಳ ಆದ್ದ್ ಆ ಬಳ್ಳಿಯಿಂದವೇ ಅಂಬ್ರ್."

ನೋಡಿ, ಇಲ್ಲಿದೆ ನನ್ನ ತಕರಾರು. ಒಬ್ಬಳು ಅಕ್ಕನ ಅಂಗಳಕ್ಕೆ ಕೈ ಹಾಕಿದಳು, ಇನ್ನೊಬ್ಬಳು ತಂಗಿಗೆ ಈ ಮನೆಯಲ್ಲಿ ಪಾಲಿಲ್ಲವೆಂಬಂತೆ ಮಾತಾಡಿದಳು. ಇಬ್ಬರಲ್ಲಿ ಯಾರಾದರೂ "ನಂದ್ ತಪ್ಪಾಯ್ತ್" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಮಾತಾಡಲು ಬಾರದ ಒಂದು ಗಡ್ಡೆಯ ಮೇಲೆ ಹೊರಿಸಿ ಇಬ್ಬರೂ ಪಾರಾದರು.

ನಾನು ಬಿಡಲಿಲ್ಲ. ಮುಂಬೈಯಲ್ಲಿ ಬೆಳೆದ ಸಹಪಾಠಿಯೊಬ್ಬಳನ್ನು ಕೇಳಿದೆ. ಕಳ ಅಂದರೆ ಹೆರಿಗೆಯ ನೋವು ಎಂಬ ಅರ್ಥವೂ ಇದೆ, ಹಿಂದೆ ಕಷ್ಟದ ಹೆರಿಗೆಯಲ್ಲಿ ಆ ಗಡ್ಡೆಯನ್ನು ತೇಯ್ದು ಹಚ್ಚುತ್ತಿದ್ದರಂತೆ ಎಂದಳು. ಅಂದರೆ ನೋವು ಹುಟ್ಟಿಸುವ ಗಿಡ ಒಂದು ಶಬ್ದದ ಎರಡು ಅರ್ಥಗಳ ನಡುವೆ ಸಿಕ್ಕಿ ಜಗಳಗಂಟಿಯಾಗಿತ್ತು. ನನಗೆ ಇದಕ್ಕಿಂತ ಗಟ್ಟಿ ಅಂಶ ಬೇಕಿರಲಿಲ್ಲ.

ಮುಂದಿನ ಮೇ ತಿಂಗಳಲ್ಲಿ ಚಿಕ್ಕಮ್ಮ ಬಂದಳು. ಅಂಗಳಕ್ಕೆ ಇಂಟರ್‌ಲಾಕ್ ಎಂದು ಇಬ್ಬರೂ ಫೋನಿನಲ್ಲೇ ಒಪ್ಪಿಕೊಂಡಾಗಿತ್ತು. ಉಳಿದದ್ದು ಪಾತಿ. ನನಗೆ ಬೇಕಾದದ್ದು ಅದೊಂದೇ, ಬಡಗು ಅಂಚಿನ ಅಷ್ಟು ನೆಲ. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ವಾದವನ್ನೆಲ್ಲ ಇಟ್ಟೆ. ದೇವರ ವಿಷಯ ಇಟ್ಟೆ, ಹೆರಿಗೆ ನೋವಿನ ವಿಷಯ ಇಟ್ಟೆ. ಕನ್ನಡದಲ್ಲಿ ಇದೇ ಬಳ್ಳಿಗೆ ಎಷ್ಟು ಚಂದದ ಹೆಸರಿದೆ, ಅಕ್ಕತಂಗಿ ಬಳ್ಳಿ ಎಂದೇ ಕರೆಯುತ್ತಾರೆ ಎಂದೆ.

ಚಿಕ್ಕಮ್ಮ ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದಳು. "ಅದೇ ಅಲ್ದಾ ನಾನ್ ಹೇಳುದ್? ಹೆಸ್ರೇ ಅಕ್ಕ ತಂಗಿ. ಜಗಳ ಆಡದ್ದ್ ಯಾರ್? ಅಕ್ಕ, ತಂಗಿ. ಮತ್ತೆಂತ ಸಾಕ್ಷಿ ಬೇಕ್ ನಿಂಗೆ?"

"ಅದ್ ಸಾಕ್ಷಿ ಅಲ್ಲ ಚಿಕ್ಕಮ್ಮ, ಅದ್ ಬರೀ ಹೆಸ್ರ್."

"ಖಾಲಿಪೀಲಿ ಮಾತ್ ಬೇಡ. ಅಲ್ಲ್ ಹೋಯಿ ಕಾಣ್, ಎಂತ ಇತ್ತ್? ಒಂದ್ ಎಲಿ ಇಲ್ಲೆ. ಬರೀ ಕಚ್ರಾ."

ಆ ಗಡ್ಡೆ ವಿಷ. ಬಾಯಿಗೆ ಹೋದರೆ ಜೀವಕ್ಕೇ ಅಪಾಯ. ಈ ಒಂದು ಮಾತನ್ನು ಆಕೆ ಎತ್ತಿದ್ದರೆ ನಾನು ಸೋಲೊಪ್ಪಿ ಎದ್ದು ಹೋಗುತ್ತಿದ್ದೆ. ಆದರೆ ಆ ನಿಜವಾದ ಕಾರಣ ಯಾರಿಗೂ ಬೇಕಾಗಿರಲಿಲ್ಲ. ಅಮ್ಮ ತಂಗಿಗೆ ಸಾರು ಬಡಿಸುತ್ತಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಆ ವಾರ ಚರ್ಚಾ ಶಿಬಿರಕ್ಕೆಂದು ಮಂಗಳೂರಿಗೆ ಹೋಗಿ ಬಂದೆ. ಗೇಟು ತೆರೆದರೆ ಅಂಗಳ ಬೂದಿ ಬಣ್ಣದ ಕಲ್ಲಾಗಿತ್ತು, ಪಾಗಾರದ ಬುಡದವರೆಗೆ, ಒಂದು ಬೆರಳಿನಷ್ಟೂ ನೆಲ ಬಿಡದೆ. ಅಗೆದ ಮಣ್ಣನ್ನು ತೆಂಗಿನ ಬುಡಕ್ಕೆ ಸುರಿದಿದ್ದರು. ಅದರಲ್ಲಿ ಕಿಸ್ಕಾರದ ಬೇರು, ಗೋರಟೆಯ ಬೊಡ್ಡೆ, ಪಿಕ್ಕಾಸಿಗೆ ಸಿಕ್ಕಿ ತುಂಡಾದ ಗಡ್ಡೆಗಳು. ಗೌರಿ ಹೂವಿನ ಗಡ್ಡೆ ನೇಗಿಲಿನಂತೆ ಬಾಗಿರುತ್ತದೆ, ಮೊಳಕೆ ಇರುವುದು ತುದಿಯಲ್ಲಿ. ತುದಿ ಮುರಿದರೆ ಮುಗಿಯಿತು. ಹೆಚ್ಚಿನವು ಮುರಿದಿದ್ದವು.

ಅಮ್ಮ ಬಾವಿಕಟ್ಟೆಯಲ್ಲಿದ್ದಳು. ಕೇಳಿದೆ: ನನ್ನ ವಾದದಲ್ಲಿ ಎಲ್ಲಿ ತಪ್ಪಿತ್ತು?

"ತಪ್ಪೆಂತ ಇಲ್ಲೆ" ಅಂದಳು. "ನೀ ಹೇಳದ್ದೆಲ್ಲ ಸಮ ಇತ್ತ್. ಅದ್ಕೇ ನೀನಿಲ್ದೆ ಇಪ್ಪ ಹೊತ್ತಿಗೆ ತೆಗ್ಸದ್ದ್."

"ಎಂತಕ್ಕೆ?"

"ನಂಗಿಪ್ಪುದ್ ಒಬ್ಳೇ ತಂಗಿ. ಬಳ್ಳಿ ಎಲ್ಲಾ ಬದಿಗೂ ಹುಟ್ಟತ್ತ್."

ಕೊಡಪಾನ ಎತ್ತಿಕೊಂಡು ಒಳಗೆ ಹೋದಳು. ನಾನು ಆ ರಾತ್ರಿ ಊಟ ಮಾಡಲಿಲ್ಲ. ತೆಂಗಿನ ಬುಡದ ಮಣ್ಣನ್ನು ಕೈಯಲ್ಲೇ ಜಾಲಾಡಿ, ತುದಿ ಉಳಿದ ಗಡ್ಡೆಗಳನ್ನು ಆರಿಸಿದೆ. ಪಾಗಾರದ ಆಚೆ ಬದಿಯಲ್ಲಿ, ರಸ್ತೆ ಅಂಚಿನ ಪಂಚಾಯತಿನ ನೆಲದಲ್ಲಿ, ಒಣಗಿದೆಲೆಯ ದರಲೆ ಹಾಕಿ ನೆಟ್ಟೆ. ಮನೆಯಲ್ಲಿ ಇರಬಾರದು ತಾನೆ? ಇದು ಮನೆಯಲ್ಲ. ಯಾರಾದರೂ ಬಂದು ಕೇಳಲಿ ಎಂದು ಮಳೆಗಾಲವಿಡೀ ವಾದ ಸಿದ್ಧ ಮಾಡಿಕೊಂಡು ಕಾದೆ.

ಸೋಣೆಯಲ್ಲಿ ಬಳ್ಳಿ ಪಾಗಾರ ಹತ್ತಿತು. ಚೌತಿಯ ಹಿಂದಿನ ದಿನ ಮಳೆಗೆ ಜೋತುಬಿದ್ದ ಬಳ್ಳಿಗೆ ಕೋಲು ಕೊಟ್ಟು ತೆಂಗಿನ ಹುರಿಯಲ್ಲಿ ಕಟ್ಟುತ್ತಿದ್ದೆ. ಮೊಳಕೈವರೆಗೆ ಕೆಸರು. ಆಗ ಚಿಕ್ಕಮ್ಮ ಬ್ಯಾಗು ಹಿಡಿದು ರಿಕ್ಷಾದಿಂದ ಇಳಿದಳು. ಅಮ್ಮ ಗೇಟಿಗೆ ಬಂದಿದ್ದಳು. ಚಿಕ್ಕಮ್ಮ ಬಳ್ಳಿಯನ್ನು ನೋಡಿದಳು, ನನ್ನ ಕೈ ನೋಡಿದಳು.

"ಇದನ್ನ್ ಯಾರ್ ಅಕ್ಕಾ ನೆಟ್ಟದ್ದ್?"

"ನೆಡುದೆಂತ, ಹಾಡಿ ಬಳ್ಳಿ ಅಲ್ದಾ" ಅಂದಳು ಅಮ್ಮ, ನನ್ನ ಕಣ್ಣು ತಪ್ಪಿಸಿ. "ಅದ್ರಷ್ಟಕ್ಕೇ ಹುಟ್ಟಿದ್ದ್. ಬಾ, ಆಸ್ರಿ ಕುಡಿ."

ಅದ್ರಷ್ಟಕ್ಕೇ. ತನ್ನಷ್ಟಕ್ಕೆ ತಾನೇ! ಉಪ್ಪುಂದದಿಂದ ಹೊತ್ತು ತಂದವಳು, ಎರಡು ಸಲ ನೆಟ್ಟವಳು, ಕೈಯಲ್ಲಿ ಹುರಿ ಹಿಡಿದು ಅಲ್ಲೇ ನಿಂತಿದ್ದೆ. ಸುಳ್ಳು ಎಂದು ಸಾಬೀತು ಮಾಡಲು ನನ್ನ ಕೈಯ ಕೆಸರೇ ಸಾಕಿತ್ತು. ಒಂದೇ ಒಂದು ವಾಕ್ಯ ಆಡಿದರೂ ನಾನು ಗೆಲ್ಲುತ್ತಿದ್ದೆ, ಆದರೆ ಚಿಕ್ಕಮ್ಮ ಕೀಳಿಸುತ್ತಿದ್ದಳು, ಮರುದಿನ ಬಳ್ಳಿ ಇರುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ.