ಸನ್ಮಾನದ ನಂತರ ಬಿದ್ದವರು

ಡಾಟ್‌ಕಾಮ್ ಭರಾಟೆಯ ಆ ವರ್ಷಗಳಲ್ಲಿ ನಾವು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಗ್ರೀಕರ ಕೇರಿಯಲ್ಲಿ ಒಂದು ಮನೆಯ ಮಹಡಿ ಮೇಲೆ ಬಾಡಿಗೆಗಿದ್ದೆವು. ಗಂಡನಿಗೆ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಕಡೆ ಪ್ರಾಜೆಕ್ಟ್. ಕತ್ತಲಿರುವಾಗಲೇ ಹೊರಟು ಸೋತು ಸುಣ್ಣವಾಗಿ ಬರುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಏನೂ ಮಾಡದೆಯೂ ಇಷ್ಟು ಸುಸ್ತಾಗುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ.

ಕೆಳಗಿದ್ದ ಮನೆ ಯಜಮಾನರು ಗ್ರೀಕ್ ಹಾಸ್ಯನಟರು. ಅಥೆನ್ಸಿನಲ್ಲಿ ಅರ್ಧ ಆಯುಸ್ಸು ಒಂದೇ ಪಾತ್ರ ಮಾಡಿದ್ದರಂತೆ: ಟ್ರೇ ಹಿಡಿದು ಓಡಿ ಓಡಿ ಕೊನೆಗೆ ಬೀಳುವ ಹೋಟೆಲ್ ಮಾಣಿ. ನಾಟಕದ ತಂಡದ ಜತೆ ನ್ಯೂಯಾರ್ಕಿಗೆ ಬಂದವರು ಇಲ್ಲೇ ಉಳಿದರು. ಇಲ್ಲಿಯ ಗ್ರೀಕರ ಮಕ್ಕಳಿಗೆ ಗ್ರೀಕ್ ನಾಟಕ ಬೇಡವಾಯಿತು, ಹಾಲ್ ಖಾಲಿಯಾಯಿತು. ಹೆಂಡತಿಯೂ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಒಂದೇ ಆಸೆ. ಹಾಲ್ ತುಂಬ ನಗುವುದನ್ನು ಇನ್ನೊಂದು ಸಲ ಕೇಳಬೇಕು ಎನ್ನುತ್ತಿದ್ದರು, ತಮ್ಮ ಹರಕು ಇಂಗ್ಲಿಷಿನಲ್ಲಿ.

ಮಾತಿಲ್ಲದ ಪಾತ್ರ, ಭಾಷೆಯ ತಾಪತ್ರಯವಿಲ್ಲ. ನ್ಯೂಜೆರ್ಸಿಯ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಕೊಡಿಸಿದೆ. ನನ್ನ ಸ್ಟೀಲ್ ತಟ್ಟೆಯನ್ನೇ ಟ್ರೇ ಮಾಡಿಕೊಂಡರು. ಅಂದಿನಿಂದ ಹಗಲೆಲ್ಲ ಕೆಳಗೆ ದಡ್ ಎಂದು ಬೀಳುವ ಸದ್ದು. ಆ ವಯಸ್ಸಿನಲ್ಲಿ! ಮೊದಮೊದಲು ಕೆಳಗೆ ಓಡಿ ಹೋಗಿ ನೋಡುತ್ತಿದ್ದೆ. ಆಮೇಲೆ ಅದು ಕೇಳದಿದ್ದರೆ ಬೇಜಾರು.

ಗ್ರೀಸಿನ ನಟ ಎಂದು ಕೇಳಿದ್ದೇ ತಡ, ಸಂಘದ ಅಧ್ಯಕ್ಷರು ಹಿಗ್ಗಿದರು. "ಅಷ್ಟು ದೊಡ್ಡ ಆರ್ಟಿಸ್ಟ್‌ನ ಸುಮ್ನೆ ಹಾಗೇ ಸ್ಟೇಜ್ ಹತ್ತಿಸೋಕಾಗುತ್ತಾ? ಫಸ್ಟ್ ಸನ್ಮಾನ ಮಾಡಿಬಿಡೋಣ." ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಅದರ ಮೇಲೆ ಕಲೆಯ ಬಗ್ಗೆ ಕೊನೆಮೊದಲಿಲ್ಲದ ಭಾಷಣ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯುತ್ತಿತ್ತು.

ಅವರು ಪೇಟ ತೆಗೆದಿಟ್ಟು, ತಟ್ಟೆ ಹಿಡಿದು ಓಡತೊಡಗಿದರು. ಏನು ಓಟ! ಮೈಯೆಲ್ಲ ಒಂದು ಕಡೆ ವಾಲಿದರೂ ತಟ್ಟೆ ಅಲ್ಲಾಡುತ್ತಿರಲಿಲ್ಲ. ಯಾರೂ ನಗಲಿಲ್ಲ. ಈಗಷ್ಟೇ ಶಾಲು ಹೊದಿಸಿದ ಹಿರಿಯರನ್ನು ನೋಡಿ ಹಲ್ಲು ಕಿರಿಯುವುದು ಹೇಗೆ? ಮುಂದಿನ ಸಾಲಿನಲ್ಲಿ ಒಂದು ಮಗು ಕಿಸಕ್ಕೆಂದದ್ದಕ್ಕೆ ಅದರ ತಾಯಿ ಗದರಿದಳು. ಕೊನೆಗೆ ಅವರು ಬಿದ್ದರು.

"ಅಯ್ಯೋ, ಅಂಕಲ್ ಬಿದ್ದುಬಿಟ್ರು!"

ನಮ್ಮವರಲ್ಲಿ ಡಾಕ್ಟರುಗಳಿಗೇನು ಬರವೇ? ಮೂರ್ನಾಲ್ಕು ಜನ ವೇದಿಕೆಗೆ ನುಗ್ಗಿದರು. ಒಬ್ಬರು ನಾಡಿ ಹಿಡಿದರು, ಇನ್ನೊಬ್ಬರು ಸನ್ಮಾನದ ಶಾಲನ್ನೇ ಮಡಿಸಿ ತಲೆಯಡಿ ಇಟ್ಟರು. "ಆಕ್ಟಿಂಗ್ ರೀ ಅದು, ಆಕ್ಟಿಂಗ್!" ಎಂದು ನಾನು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅವರು ಕಣ್ಣು ತೆರೆದು ಸುತ್ತಲಿನ ಗಾಬರಿಯ ಮುಖಗಳನ್ನು ನೋಡಿದರು. ಮತ್ತೆ ಮುಚ್ಚಿಕೊಂಡರು.

ವಾಪಸು ಬರುವಾಗ ಟರ್ನ್‌ಪೈಕ್ ಹೆದ್ದಾರಿ ಮುಗಿಯುವವರೆಗೂ ಅವರು ಕಾರಿನಲ್ಲಿ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಆಮೇಲೆ, "ಒಳ್ಳೆಯ ಜನ," ಎಂದರು. "ತುಂಬಾ ಒಳ್ಳೆಯ ಜನ."

ಮರುದಿನ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ನನ್ನ ತಟ್ಟೆ ಇತ್ತು, ತೊಳೆದು ಒರೆಸಿದ್ದು. ಅದರಲ್ಲಿ ಸನ್ಮಾನದ ಹಣ್ಣುಗಳನ್ನೆಲ್ಲ ಜೋಡಿಸಿಟ್ಟಿದ್ದರು. ಕೆಲಸವೆಲ್ಲ ಬಿಟ್ಟು ಮಧ್ಯಾಹ್ನದವರೆಗೆ ಕಿವಿಗೊಟ್ಟು ಕೂತೆ. ನಾವು ಆ ಮನೆ ಬಿಡುವವರೆಗೂ ಕೆಳಗಿನಿಂದ ದಡ್ ಎನ್ನುವ ಆ ಸದ್ದು ಮತ್ತೆ ಬರಲಿಲ್ಲ.