ಮೊದಲ ಸ್ಥಾನದ ಜಪಾನಿ ಪ್ಲೇಟು

ಜಪಾನಿನ ಆ ಮೂವರು ಹೆಣ್ಣುಮಕ್ಕಳು ತಮ್ಮ ದೇಶದಲ್ಲಿ ಎಷ್ಟು ಗ್ರಾಮಾಫೋನ್ ಪ್ಲೇಟು ಕೊಟ್ಟಿದ್ದರೋ, ಅಲ್ಲಿ ಅವರ ಹಾಡಿಗೆ ಎಷ್ಟನೆಯ ಸ್ಥಾನ ಸಿಕ್ಕಿತ್ತೋ ನನಗೆ ತಿಳಿಯದು. ರಾಜಾಜಿನಗರದ ಸಂಗತಿ ಮಾತ್ರ ಚೆನ್ನಾಗಿ ಗೊತ್ತು. ಇಲ್ಲಿಗೆ ಅವರ ಪ್ಲೇಟು ಬಂದದ್ದು ಎರಡು. ಮೊದಲನೆಯದು ವರ್ಷಕ್ಕೂ ಮೀರಿ ಮೊದಲ ಸ್ಥಾನದಿಂದ ಕದಲಲಿಲ್ಲ. ಎರಡನೆಯದು ಯಾರೂ ಕೇಳುವ ಮುಂಚೆಯೇ ಮೊದಲ ಸ್ಥಾನಕ್ಕೆ ಏರಿತು, ಕೇಳಿಸಿದ ದಿನವೇ ಬಿದ್ದಿತು. ಈ ಏರಿಳಿತಕ್ಕೆಲ್ಲ ಕಾರಣನಾದ ಮಹಾನುಭಾವ ಕುರುಬರಹಳ್ಳಿಯ ಮುನಿವೆಂಕಟಪ್ಪ.

ಇವನದು ಬೇಸಾಯದ ಮನೆತನ. ಹೊಲಗಳೆಲ್ಲ ಹೊಸ ಬಡಾವಣೆಯ ಸೈಟುಗಳಾದಾಗ ಅಣ್ಣತಮ್ಮಂದಿರು ಬಂದ ಪರಿಹಾರದಲ್ಲಿ ಎಮ್ಮೆ ಕೊಂಡರು, ಮನೆ ಕಟ್ಟಿಸಿದರು. ಇವನು ಮೈಕ್‌ಸೆಟ್ ಕೊಂಡ. ಒಂದು ಗ್ರಾಮಾಫೋನು, ಅಗಲ ಬಾಯಿಯ ಎರಡು ಹಾರನ್ನು, ಒಂದು ಪೆಟ್ಟಿಗೆ ಪ್ಲೇಟು. ಮದುವೆ, ನಾಮಕರಣ, ಅಂಗಡಿ ಪೂಜೆ, ಯಾವುದಿದ್ದರೂ ಇವನ ಹಾರನ್ನು ಕೂಗಬೇಕು. ನಮ್ಮ ಮನೆಯ ಕಿಟಕಿ ಇವನ ಅಂಗಡಿಗೆ ಎದುರಾಗಿಯೇ ಇತ್ತು. ಆದ್ದರಿಂದ ಇವನ ಕಥೆಯನ್ನು ನಾನು ಸಮಾಧಾನದಿಂದ ಹೇಳುತ್ತೇನೆಂದು ಯಾರೂ ನಿರೀಕ್ಷಿಸಬಾರದು.

ಸಿಲೋನ್ ರೇಡಿಯೋದವರು ವಾರವಾರವೂ ಹಾಡುಗಳಿಗೆ ಸ್ಥಾನ ಕೊಡುವುದನ್ನು ಕೇಳಿ ಇವನಿಗೂ ಆ ಖಯಾಲಿ ಹತ್ತಿತು. ಅಂಗಡಿಯ ಮುಂದೆ ಒಂದು ಕರಿಹಲಗೆ ನೇತುಹಾಕಿದ. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಈ ವಾರದ ಸ್ಥಾನಗಳು’ ಎಂದು ಬರೆದ. ಸ್ಥಾನ ನಿರ್ಧಾರವಾಗುತ್ತಿದ್ದ ಬಗೆ ಬಹಳ ಸರಳ. ಜನರು ಬಂದು ತಮಗೆ ಇಂಥ ಹಾಡು ಇಷ್ಟ ಎಂದು ಹೇಳಬೇಕು, ಮುನಿವೆಂಕಟಪ್ಪ ಅದನ್ನು ತಲೆದೂಗುತ್ತ ಕೇಳಬೇಕು, ಆಮೇಲೆ ತನಗೆ ಇಷ್ಟವಾದದ್ದನ್ನು ಬರೆಯಬೇಕು. ರಾಜಾಜಿನಗರದ ವಿದ್ಯಾವಂತರೆಲ್ಲ, ಗುಮಾಸ್ತರು, ಮೇಷ್ಟ್ರುಗಳು, ಫ್ಯಾಕ್ಟರಿಯ ಫೋರ್‌ಮನ್ನುಗಳು, ಬಸ್ಸಿಗೆ ಹೋಗುವ ಮುನ್ನ ಆ ಹಲಗೆಯನ್ನು ಓದಿಕೊಂಡು ಹೋಗುತ್ತಿದ್ದರು. ನಾನೂ ಓದುತ್ತಿದ್ದೆ.

ಇವನಿಗೆ ಇನ್ನೊಂದು ಹೆಗ್ಗಳಿಕೆಯಿತ್ತು. ತನಗೆ ಜಪಾನಿ ಭಾಷೆ ಬರುತ್ತದೆ ಎನ್ನುತ್ತಿದ್ದ. ಯುದ್ಧಕಾಲದಲ್ಲಿ ಬರ್ಮಾಗೆ ಹೋಗಿದ್ದನಂತೆ, ಅಲ್ಲಿ ಸೆರೆಸಿಕ್ಕ ಜಪಾನಿ ಸಿಪಾಯಿಗಳಿಗೆ ಇವನೇ ಅನ್ನ ಬಡಿಸಿದ್ದನಂತೆ, ಬಡಿಸುತ್ತ ಬಡಿಸುತ್ತ ಭಾಷೆ ಕಲಿತನಂತೆ. ಎಲ್ಲ ಶುದ್ಧ ಬುರುಡೆ. ಇವನು ಯುದ್ಧಕ್ಕೆ ಹೋದದ್ದು ಜಾಲಹಳ್ಳಿಯವರೆಗೆ, ಮಿಲಿಟರಿ ಕ್ಯಾಂಪಿಗೆ ಎತ್ತಿನಗಾಡಿಯಲ್ಲಿ ತರಕಾರಿ ಹಾಕಲು. ಅಲ್ಲಿದ್ದ ಸೆರೆಯಾಳುಗಳು ಇಟಲಿಯವರು. ಅವರಿಂದ ಇವನು ಕಲಿತದ್ದು ಭುಜ ಹಾರಿಸುವುದೊಂದೇ. ಆದರೂ ಊರು ನಂಬಿತ್ತು. ಇವನ ಒಬ್ಬಳೇ ಮಗಳು ಯಶೋದೆಯಂತೂ ಚಿಕ್ಕಂದಿನಿಂದ ಇವನ ಪಕ್ಕ ಕೂತು ಬರ್ಮಾ ಕಥೆಗಳನ್ನು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ತಾಯಿಯಿಲ್ಲದ ಹುಡುಗಿ. ಅವಳು ಕೇಳುತ್ತಾಳೆಂದರೆ ಇವನ ಬರ್ಮಾಕ್ಕೆ ಇನ್ನೂ ನಾಲ್ಕು ಕಾಡು, ಎರಡು ಹುಲಿ ಸೇರಿಕೊಳ್ಳುತ್ತಿದ್ದವು.

ಏಕೀಕರಣವಾದ ಮರುವರ್ಷ ಹುಬ್ಬಳ್ಳಿ ಕಡೆಯಿಂದ ಬಂದು ರಾಜಾಜಿನಗರದಲ್ಲಿ ನೆಲೆಸಿದ್ದ ರೇಷ್ಮೆ ನೂಲಿನ ವ್ಯಾಪಾರಿ ಜಂಬಣ್ಣನವರು ಯಂತ್ರ ನೋಡಲೆಂದು ಜಪಾನಿಗೆ ಹೋದರು. ಬರುವಾಗ ಒಂದು ಪ್ಲೇಟು ತಂದು ಮುನಿವೆಂಕಟಪ್ಪನ ಕೈಗಿಟ್ಟರು.

“ಮೂರು ಹುಡುಗೀರು ಕೂಡಿ ಹಾಡ್ಯಾರ್ರೀ. ಅಲ್ಲಿ ಹೋಟೆಲ್‌ದಾಗೆಲ್ಲ ಇದ್ನ ಹಚ್ತಾರ. ಹೂವಿನ ಮ್ಯಾಲಿನ ಹಾಡಂತ.”

ಮುನಿವೆಂಕಟಪ್ಪ ಪ್ಲೇಟು ತಿರುಗಿಸಿ ಮುಳ್ಳು ಇಟ್ಟ. ಮೂವರ ಕಂಠ ಒಂದಾಗಿ ಎಳೆಯಿತು: “ಹನಾ, ಹನಾ...”

“ಹೂವಲ್ಲ ಜಂಬಣ್ಣೋರೇ,” ಎಂದ ಮುನಿವೆಂಕಟಪ್ಪ, ಕಣ್ಣು ಅರೆಮುಚ್ಚಿ. “ಕಿವಿಗೊಟ್ಟು ಕೇಳಿ. ಹಣ, ಹಣ ಅಂತಾರೆ. ಜಪಾನಿ ಭಾಷೆ ನಮ್ ಕನ್ನಡಕ್ಕೆ ತಂಗಿ ಆಗ್ಬೇಕು. ಹಣ ಅಂದ್ರೆ ಅಲ್ಲೂ ಹಣಾನೇ.”

ಜಂಬಣ್ಣನವರು ಜಗಳಕ್ಕೆ ಹೆದರುವ ಮನುಷ್ಯ. ಬರ್ಮಾಗೆ ಹೋಗಿಬಂದವರ ಮುಂದೆ ತಾವೇನು ಹೇಳುವುದು ಎಂದು ಸುಮ್ಮನಾದರು. ಅವರು ಅವತ್ತು ಗಟ್ಟಿಯಾಗಿ ಒಂದು ಮಾತು ಆಡಿದ್ದರೆ ನಮ್ಮ ಬಡಾವಣೆ ಎಷ್ಟೋ ಹಿಂಸೆಯಿಂದ ಪಾರಾಗುತ್ತಿತ್ತು.

ಆ ವಾರವೇ ಹಲಗೆಯ ಮೇಲೆ ‘ಮೊದಲ ಸ್ಥಾನ: ಜಪಾನ್ ಸಿಸ್ಟರ್ಸ್’ ಎಂದು ಬಂತು. ಅವರ ನಿಜವಾದ ಹೆಸರು ಪ್ಲೇಟಿನ ಮೇಲಿದ್ದಿರಬೇಕು, ಓದುವವರು ಯಾರು? ಹಣದ ಹಾಡು ಎಂದ ಮೇಲೆ ಕೇಳಬೇಕೆ! ಕಿರಾಣಿ ಅಂಗಡಿಯ ಪೂಜೆಗೆ ಅದೇ, ಹಿಟ್ಟಿನ ಗಿರಣಿಯ ಪ್ರಾರಂಭಕ್ಕೆ ಅದೇ, ಬಟ್ಟೆ ಅಂಗಡಿಯವನು ಬೆಳಿಗ್ಗೆ ಬಾಗಿಲು ತೆಗೆಯುವಾಗಲೂ ಅದೇ. ಸೋಬಾನೆ ಹಾಡುವ ಹೆಂಗಸರನ್ನು ಕೇಳುವವರಿಲ್ಲದೆ ಹೋಯಿತು. ಲಕ್ಷ್ಮೀಪೂಜೆಯ ದಿನ ಬೆಳಗಿನಿಂದ ರಾತ್ರಿಯವರೆಗೂ ಜಪಾನಿನ ಹೆಣ್ಣುಮಕ್ಕಳು ಹಣ ಹಣ ಎಂದು ಕೂಗಿ ನನಗೆ ಜ್ವರ ಬರುವುದೊಂದು ಬಾಕಿ.

ಎಲ್ಲರಿಗಿಂತ ಹೆಚ್ಚು ಮರುಳಾದವನು ಹೆಗ್ಗನಹಳ್ಳಿಯ ದೊಡ್ಡಣ್ಣ. ಇಟ್ಟಿಗೆ ಗೂಡಿನ ಯಜಮಾನ. ಗೂಡಿಗೆ ಬೆಂಕಿ ಹಾಕುವ ದಿನ ಈ ಪ್ಲೇಟು ಹಾಕಿಸಿದ, ವ್ಯಾಪಾರ ಕುದುರಿತು. ರಾಜಾಜಿನಗರದಲ್ಲಿ ಎಲ್ಲಿ ನೋಡಿದರೂ ಮನೆ ಏಳುತ್ತಿದ್ದ ಕಾಲ ಅದು. ಕತ್ತೆ ಇಟ್ಟಿಗೆ ಮಾರಿದರೂ ಕೊಳ್ಳುತ್ತಿದ್ದರು. ದೊಡ್ಡಣ್ಣನಿಗೆ ಮಾತ್ರ ಅದು ಹಾಡಿನ ಮಹಿಮೆ. ಹಳೆಯ ಅಚ್ಚುಗಳನ್ನೆಲ್ಲ ಎಸೆದು, ಪ್ರತಿ ಇಟ್ಟಿಗೆಯ ಮೇಲೂ ‘ಹಣ’ ಎಂದು ಮೂಡುವ ಹಾಗೆ ಹೊಸ ಅಚ್ಚು ಮಾಡಿಸಿದ. ನಮ್ಮ ಮನೆಯ ಗೋಡೆಯೊಳಗೂ ಆ ಇಟ್ಟಿಗೆಗಳಿವೆ. ಹಾಡನ್ನು ಗೋಡೆಯೊಳಗೂ ಕೂರಿಸಿಕೊಂಡವರು ಪ್ರಪಂಚದಲ್ಲಿ ನಾವೇ ಇರಬೇಕು.

ಇಂಥ ಹಾಡಿನ ಯಜಮಾನನ ಸಂಬಂಧ ಬೇಡವೆನ್ನುವವರು ಯಾರು? ದೊಡ್ಡಣ್ಣನೇ ಮುಂದೆ ಬಿದ್ದು ತನ್ನ ಮಗನಿಗೆ ಯಶೋದೆಯನ್ನು ಕೇಳಿದ. ಹುಡುಗ ಒಳ್ಳೆಯವನು, ಮಾತು ಕಡಿಮೆ. ನೋಡಲು ಬಂದ ದಿನ ಯಶೋದೆಗೂ ಹಿಡಿಸಿದ. ಹುಡುಗಿಯ ಮುಖ ಅರಳಿದ್ದು ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಅಪ್ಪನ ಮೇಲಿನ ಸಿಟ್ಟನ್ನು ಮಗಳ ಮೇಲೆ ತೀರಿಸಿಕೊಳ್ಳುವಷ್ಟು ಕೆಟ್ಟವನಲ್ಲ ನಾನು.

ಮದುವೆ ಹತ್ತಿರವಿರುವಾಗ ಜಂಬಣ್ಣನವರು ಎರಡನೆಯ ಸಲ ಜಪಾನಿಗೆ ಹೋಗಿ ಅದೇ ಮೂವರ ಇನ್ನೊಂದು ಪ್ಲೇಟು ತಂದರು. ಮುನಿವೆಂಕಟಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳ ಮದುವೆಯಲ್ಲೇ ಇದರ ಬಿಡುಗಡೆ ಎಂದು ಸಾರಿದ. ಅಲ್ಲಿಯವರೆಗೆ ಮುಳ್ಳು ಸೋಕಿಸಿದರೆ ಹೊಸತನ ಹೋಗುತ್ತದೆಂದು ತಾನೂ ಕೇಳದೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟ. ಹಲಗೆಯ ಮೇಲೆ ಮಾತ್ರ ಆ ದಿನವೇ ‘ಮೊದಲ ಸ್ಥಾನ: ಜಪಾನ್ ಸಿಸ್ಟರ್ಸ್, ಹೊಸ ಪ್ಲೇಟು’ ಎಂದು ಬರೆದ. ಕೇಳದ ಹಾಡು ಹೇಗೆ ಮೊದಲನೆಯದಾಯಿತು ಎಂದು ನಾನು ಕೇಳಿದ್ದಕ್ಕೆ, “ಅವರ ಯೋಗ್ಯತೆ ನಂಗೊತ್ತು ಸಾರ್” ಎಂದ.

ಮದುವೆಯ ದಿನ ಬೆಳಿಗ್ಗೆ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರುವ ಹೊತ್ತು. ಮುನಿವೆಂಕಟಪ್ಪ ಓಲಗದವರಿಗೆ ಕೈ ಮಾಡಿ ನಿಲ್ಲಿಸಿದ. ಹೆಂಗಸರ ಸೋಬಾನೆಯನ್ನೂ ನಿಲ್ಲಿಸಿದ. ರೇಷ್ಮೆ ಬಟ್ಟೆ ಬಿಚ್ಚಿ, ಪ್ಲೇಟಿಗೆ ಕೈಮುಗಿದು, ಮುಳ್ಳು ಇಟ್ಟು, ಮೀಸೆ ಸವರಿಕೊಳ್ಳುತ್ತ ಮಂಟಪದ ಕಡೆ ಬಂದ.

ಮೊದಲು ತಂತಿಯ ನಾದ ಬಂತು. ಆಮೇಲೆ ಮೂವರ ಕಂಠ. “ಯಮಾ...”

ಜನರು ತಲೆಯೆತ್ತಿದರು. ಅಷ್ಟರಲ್ಲಿ ಪ್ಲೇಟಿನ ಯಾವುದೋ ಗೀರಿನಲ್ಲಿ ಮುಳ್ಳು ಸಿಕ್ಕಿಕೊಂಡಿತು. “ಯಮಾ, ಯಮಾ, ಯಮಾ, ಯಮಾ...” ಎರಡು ಹಾರನ್ನುಗಳೂ ಮಾಗಡಿ ರಸ್ತೆಯವರೆಗೆ ಯಮನನ್ನು ಕೂಗಿ ಕರೆದವು. ಮಂಟಪದ ಮೆಟ್ಟಿಲ ಮೇಲೆ ಬಾಸಿಂಗ ಕಟ್ಟಿಕೊಂಡ ಹುಡುಗಿ ಒಂದು ಕಾಲೆತ್ತಿ ನಿಂತಿದ್ದಳು. ಮುನಿವೆಂಕಟಪ್ಪ ಜನರನ್ನು ತುಳಿದುಕೊಂಡು ಓಡಿಹೋಗಿ ಮುಳ್ಳು ಎತ್ತುವ ಹೊತ್ತಿಗೆ ಮುದುಕಿಯರು ನೆಟಿಕೆ ಮುರಿದು ಅಳಲು ಶುರುಮಾಡಿದ್ದರು.

ದೊಡ್ಡಣ್ಣ ಎದ್ದು ನಿಂತ. “ಸಾಕ್ ನಿಲ್ಸಿ! ಏನ್ ಬೀಗ್ರೇ ಇದು? ಹೆಣ್ಣು ಮಂಟಪ ಹತ್ತೋ ಹೊತ್ನಲ್ಲಿ ಯಮನ್ನ ಕರೀತೀರಾ? ಏಳೋ ಮಗಾ, ಈ ಮದ್ವೆ ಬೇಡ.”

“ಬೀಗ್ರೇ, ಅದು ಜಪಾನಿ ಮಾತು. ನಮ್ ಯಮ ಅಲ್ಲ...”

“ಜಪಾನಿ ಭಾಷೆ ಕನ್ನಡಕ್ಕೆ ತಂಗಿ ಅಂತ ನನ್ ಗೂಡಿನ ಪೂಜೇಲಿ ಹೇಳ್ದೋರು ಯಾರು? ಹಣ ಅಂದ್ರೆ ಹಣಾನೇ ಅಂದ್ರಿ. ಹಂಗಾದ್ರೆ ಯಮ ಅಂದ್ರೆ ಯಾರು?”

ಮುನಿವೆಂಕಟಪ್ಪ ಇಷ್ಟು ವರ್ಷ ತಾನೇ ತಿರುಚಿದ ಹಗ್ಗ, ಈಗ ಮಗಳ ಕೊರಳಿಗೆ ಬಿದ್ದಿತ್ತು. ಅವನು ಮಗಳ ಕಡೆ ನೋಡಿದ, ಮದುಮಗನ ಕಡೆ ನೋಡಿದ. ಆಮೇಲೆ ಮೈಕು ಕೈಗೆ ತೆಗೆದುಕೊಂಡ.

“ನಂಗೆ ಜಪಾನಿ ಬರಲ್ಲ,” ಎಂದ. ಹಾರನ್ನು ಅದನ್ನು ಊರಿಗೆಲ್ಲ ಹೇಳಿತು. “ಬರ್ಮಾ ನಾನು ನೋಡೇ ಇಲ್ಲ. ಜಾಲಹಳ್ಳೀಲಿ ತರಕಾರಿ ಹಾಕ್ತಿದ್ದೆ. ಹೇಳಿದ್ದೆಲ್ಲ ಸುಳ್ಳು. ನನ್ ಮಗಳದ್ದೇನೂ ತಪ್ಪಿಲ್ಲ.”

ಜೀವಮಾನದಲ್ಲಿ ಅವನು ಊರಿನ ಮುಂದೆ ಆಡಿದ ಮೊದಲ ನಿಜ ಅದು. ಒಬ್ಬರೂ ನಂಬಲಿಲ್ಲ. “ಮದ್ವೆ ಉಳ್ಸೋಕೆ ಎಂಥಾ ಬುರುಡೆ ಬಿಡ್ತಾನೆ ನೋಡು,” ಎಂದು ನನ್ನ ಪಕ್ಕದಲ್ಲಿದ್ದವರು ನಕ್ಕರು. ಬರ್ಮಾ ಹುಲಿಯನ್ನು ನಂಬಿದ್ದ ಜನಕ್ಕೆ ಜಾಲಹಳ್ಳಿಯ ತರಕಾರಿ ಗಂಟಲಲ್ಲಿ ಇಳಿಯಲಿಲ್ಲ. ನನಗೆ ಆ ಹೊತ್ತಿನಲ್ಲಿ ಊರಿನ ಮೇಲೆ ಬಂದಷ್ಟು ಸಿಟ್ಟು ಅವನ ಮೇಲೆ ಎಂದೂ ಬಂದಿರಲಿಲ್ಲ.

ಕೊನೆಗೆ ಜಂಬಣ್ಣನವರು ಎದ್ದು ನಿಂತರು. “ಯಮ ಅಂದ್ರ ಅವರ ಭಾಷಾದಾಗ ಗುಡ್ಡ ರೀ. ನಾ ಅಲ್ಲೇ ಕೇಳಿ ಬಂದೇನಿ. ಮತ್ತ ಅದೂ ಹಣ ಅಲ್ರೀ. ಹನ. ಅಂದ್ರ ಹೂವು.”

ಮೊದಲ ಮಾತಿಗೆ ದೊಡ್ಡಣ್ಣನ ಮುಖ ಸಡಿಲವಾಯಿತು. ಎರಡನೆಯ ಮಾತಿಗೆ ಬಿಳಿಚಿಕೊಂಡಿತು. ಯಮ ಗುಡ್ಡವಾದರೆ ಮಗನ ಮದುವೆ ನಡೆಯುತ್ತದೆ, ಸರಿ. ಆದರೆ ಹಣ ಹೂವಾಗಿಬಿಟ್ಟರೆ ಗೂಡಿನ ಗತಿ? ಅಷ್ಟೊಂದು ಇಟ್ಟಿಗೆಗಳ ಗತಿ? ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ತೀರ್ಪು ಕೊಟ್ಟ.

“ಯಮ ಗುಡ್ಡಾನೇ ಇರ್ಲಿ, ಒಪ್ದೆ. ಹಣ ಮಾತ್ರ ಹಣಾನೇ. ನೂಲಿನ ಸಾಹುಕಾರ್ರಿಗೆ ಏನ್ ಗೊತ್ತಾಗುತ್ತೆ? ಭಾಷೆ ಬಲ್ಲೋರು ನಮ್ ಬೀಗ್ರು. ಅವ್ರೇ ಮೈಕಲ್ಲಿ ಎರಡನ್ನೂ ಹೇಳ್ಲಿ, ಧಾರೆ ಎರೀಲಿ.”

ಚಪ್ಪರದಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಇಷ್ಟು ಅನುಕೂಲವಾದ ನಿಘಂಟನ್ನು ಯಾರು ಬೇಡವೆಂದಾರು?

ಮುನಿವೆಂಕಟಪ್ಪ ಮೈಕು ಹಿಡಿದು ನಿಂತೇ ಇದ್ದ. “ನಿಜ ಹೇಳ್ಬಿಟ್ಟೆನಲ್ಲ ಬೀಗ್ರೇ,” ಎಂದ ಸಣ್ಣ ದನಿಯಲ್ಲಿ. “ಮತ್ತೆ ಹೆಂಗ್ ಹೇಳ್ಲಿ?” ಬುರುಡೆ ಬಿಡಲು ಎಂದೂ ಉಸಿರು ತೆಗೆದುಕೊಳ್ಳದ ಮನುಷ್ಯ ಈಗ ಮೈಕಿನ ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದ. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಎರಡು ಸಲ ಕೂಗಿದರು.

ಯಶೋದೆ ಮೆಟ್ಟಿಲಿಳಿದು ಅಪ್ಪನ ಹತ್ತಿರ ಬಂದಳು. ಮೈಕಿಗೆ ಅಂಗೈ ಮುಚ್ಚಿದಳು. ಹತ್ತಿರವಿದ್ದ ನಮ್ಮ ಕೆಲವರಿಗೆ ಮಾತ್ರ ಕೇಳಿಸಿತು.

“ಹೇಳ್ಬಿಡಪ್ಪ.”

“ನೀನೂ ನಂಬಿದ್ದೆಯಲ್ಲವ್ವಾ. ನಿನ್ ಮುಂದೆ ನಿಂತ್ಕೊಂಡು...”

“ನಾನ್ಯಾವತ್ತು ನಂಬಿದ್ದೆ? ಜಾಲಹಳ್ಳಿ ವಿಷ್ಯ ಅವ್ವ ಸಾಯೋ ಮುಂಚೇನೇ ನಂಗೆ ಹೇಳಿದ್ಲು. ನೀನು ಹೇಳೋವಾಗ ಖುಷಿಯಾಗಿರ್ತಿದ್ದೆ, ಅದ್ಕೆ ಕೇಳ್ತಾ ಕೂತ್ಕೊತಿದ್ದೆ.” ಅವಳು ಅವನ ಪೇಟ ಸರಿಮಾಡಿದಳು. “ಇಷ್ಟ್ ವರ್ಷ ಊರಿಗೋಸ್ಕರ ಹೇಳ್ದೆ. ಇವತ್ತೊಂದ್ ಸಲ ನಂಗೋಸ್ಕರ ಹೇಳಪ್ಪ.”

ಅವಳು ಮೈಕಿನ ಮೇಲಿಂದ ಕೈ ತೆಗೆದಳು. ಮುನಿವೆಂಕಟಪ್ಪ ಹೇಳಿದ. ಹಣ ಅಂದರೆ ಹಣ, ಯಮ ಅಂದರೆ ಬೆಟ್ಟ ಎಂದು, ಕಣ್ಣಿಂದ ಬಳಬಳನೆ ನೀರು ಸುರಿಸಿಕೊಂಡು ಹೇಳಿದ. ಓಲಗ ಜೋರಾಗಿ ಎದ್ದಿತು, ದೊಡ್ಡಣ್ಣ ಅಕ್ಷತೆ ಹಿಡಿದುಕೊಂಡ. ಹೆಣ್ಣು ಕೊಡುವ ತಂದೆ ಅಳುವುದು ಸಹಜ ಎಂದು ಎಲ್ಲರೂ ಅವನನ್ನು ಸಮಾಧಾನ ಮಾಡಿದರು.